ಕಂಪ್ಯೂಟರಿನ ಸ್ಪೀಕರು ಮಾತು ನಿಲ್ಲಿಸಿದಾಗ

1974ರಿಂದ ಪ್ರಮುಖ ಬಂದರಾಗಿರುವ ಪಣಂಬೂರಿನ ನವಮಂಗಳೂರು ಬಂದರಿನ ಮೂಲಕ ನಮ್ಮ ಕಾಫಿ ಹೊರದೇಶಗಳಿಗೆ ಹೋಗುತ್ತದೆ. ಅಲ್ಲಿನ ಕಡಲ ಗಾಳಿಯ ತೇವ ಬೀಜಕ್ಕೆ ತಗಲದಂತೆ ಎಷ್ಟೊಂದು ಜಾಗ್ರತೆ ವಹಿಸಲಾಗುತ್ತದೆ! ಅದೇ ತೇವ, ಅದರೊಡನೆ ಬರುವ ಉಪ್ಪು, ಮೇಜಿನ ಮೇಲಿನ ಸ್ಪೀಕರಿಗೂ ಶತ್ರು. ಘಟ್ಟದ ಬುಡದ ನಮ್ಮ ಮನೆಗಳಿಗೆ ಉಪ್ಪಿನ ಗಾಳಿ ತಲಪದಿದ್ದರೂ ಮಳೆಗಾಲದ ತೇವ ತಪ್ಪಿದ್ದಲ್ಲ.

ಕೊಳೆರೋಗದ ಕುರಿತು ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಮಾತನಾಡುತ್ತಿರುವಾಗಲೇ ಧ್ವನಿ ನಿಂತರೆ, ಮದ್ದು ಬಿಡುವ ಹೊತ್ತಿನ ಮಾಹಿತಿ ಕೈತಪ್ಪುತ್ತದೆ. ಹಾಗೆಂದು ಕೂಡಲೇ ಹೊಸ ಸ್ಪೀಕರಿಗಾಗಿ ಪೇಟೆಗೆ ಓಡಬೇಕಾಗಿಲ್ಲ. ಎಷ್ಟೋ ಸಲ ದೋಷವಿರುವುದು ಸ್ಪೀಕರಿನಲ್ಲಲ್ಲ, ಧ್ವನಿ ಬರುವ ದಾರಿಯಲ್ಲಿ. ತೋಟಕ್ಕೆ ನೀರು ಬಾರದಿದ್ದರೆ ಪಂಪನ್ನು ಬಿಚ್ಚುವ ಮೊದಲು ಗೇಟ್‌ವಾಲ್ವು ನೋಡುವುದಿಲ್ಲವೇ? ಇಲ್ಲಿಯೂ ಅದೇ ಕ್ರಮ.

ಮೊದಲನೆಯದಾಗಿ, ಸ್ಪೀಕರಿನ ದೀಪ ಉರಿಯುತ್ತಿದೆಯೇ, ಧ್ವನಿಯ ಗುಂಡಿ ಕಡಿಮೆಗೆ ತಿರುಗಿದೆಯೇ, ಪರದೆಯ ಮೂಲೆಯಲ್ಲಿರುವ ಸ್ಪೀಕರಿನ ಚಿತ್ರದ ಮೇಲೆ ಗುಣಾಕಾರದ ಗುರುತು ಬಿದ್ದಿದೆಯೇ ಎಂದು ನೋಡಿರಿ.

ಎರಡನೆಯದಾಗಿ, ಸ್ಪೀಕರಿನ ಪಿನ್ನು ಕಂಪ್ಯೂಟರಿನ ಹಸುರು ಬಣ್ಣದ ತೂತಿನಲ್ಲಿರಬೇಕು. ಗುಲಾಬಿ ಬಣ್ಣದ್ದು ಮೈಕಿಗೆ. ಪಿನ್ನಿನ ಮೇಲೆ ಕಿಲುಬು ಕಂಡರೆ, ಸ್ಪೀಕರನ್ನು ಬಂದ್ ಮಾಡಿ, ಒಣಬಟ್ಟೆಯಿಂದ ಒರಸಿ, ಐದಾರು ಸಲ ಹಾಕಿ ತೆಗೆಯಿರಿ. ಹಿತ್ತಾಳೆ ಪಾತ್ರೆಗೆ ಹಚ್ಚುವಂತೆ ಹುಣಸೆಹುಳಿ ಹಚ್ಚಬಾರದು.

ಮೂರನೆಯದಾಗಿ, ಇಯರ್‌ಫೋನಿನ ತೂತಿರುವ ಮೊಬೈಲಿಗೆ ಅದೇ ಪಿನ್ನನ್ನು ಸಿಕ್ಕಿಸಿ ಹಾಡು ಹಾಕಿರಿ. ಹಾಡು ಕೇಳಿಸಿದರೆ ಸ್ಪೀಕರು ಸರಿಯಾಗಿಯೇ ಇದೆ, ದೋಷ ಕಂಪ್ಯೂಟರಿನದು. ಎಚ್‌ಡಿಎಂಐ ತಂತಿಯಿಂದ ಟಿ.ವಿ. ಅಥವಾ ಮಾನಿಟರನ್ನು ಜೋಡಿಸಿದಾಗ ಕಂಪ್ಯೂಟರು ಧ್ವನಿಯನ್ನು ಅತ್ತ ಕಳುಹಿಸಿಬಿಡುವುದುಂಟು. ಧ್ವನಿಯ ಸೆಟ್ಟಿಂಗಿನ ಪಟ್ಟಿಯಲ್ಲಿ ಸ್ಪೀಕರನ್ನೇ ಆಯ್ದುಕೊಳ್ಳಿರಿ. ಆಗದಿದ್ದರೆ ಕಂಪ್ಯೂಟರನ್ನು ಒಮ್ಮೆ ಬಂದ್ ಮಾಡಿ ಮತ್ತೆ ಹಾಕಿರಿ. ಅದಕ್ಕೂ ಬಗ್ಗದಿದ್ದರೆ ಡ್ರೈವರ್ ಎಂಬ ತಂತ್ರಾಂಶವನ್ನು ತಿಳಿದವರಿಂದ ಹೊಸತಾಗಿ ಹಾಕಿಸಬೇಕು.

ಗುಂಡಿ ತಿರುಗಿಸುವಾಗ ಕರಕರ ಸದ್ದಾದರೆ ಒಳಗೆ ಧೂಳು ಕೂತಿರಬಹುದು. ಪ್ಲಗ್ಗು ಕಿತ್ತು, ಗುಂಡಿಯನ್ನು ಇಪ್ಪತ್ತು ಸಲ ಆಚೀಚೆ ತಿರುಗಿಸಿದರೆ ಹೆಚ್ಚಾಗಿ ಸರಿಹೋಗುತ್ತದೆ.

ಗುಂಯ್ ಎಂಬ ಸದ್ದು ಎಡೆಬಿಡದೆ ಬರುತ್ತಿದ್ದರೆ ಸ್ಪೀಕರು, ಕಂಪ್ಯೂಟರು ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟು ಕೊಡಿರಿ. ಸ್ಪೀಕರಿನ ತಂತಿಯನ್ನು ಕರೆಂಟಿನ ವಯರಿನಿಂದ ದೂರವಿಡಿರಿ. ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನನ್ನು ಮುರಿದರೆ ಈ ಸದ್ದು ಕೆಲವೊಮ್ಮೆ ನಿಲ್ಲುತ್ತದೆ. ಆದರೆ ಇದನ್ನು ಎಂದಿಗೂ ಮಾಡಕೂಡದು. ಅದು ಅರ್ತಿಂಗಿನ ಪಿನ್ನು. ಯಂತ್ರದ ಮೈಗೆ ಕರೆಂಟು ಹರಿದಾಗ ಅದನ್ನು ನೆಲಕ್ಕಿಳಿಸಿ ಜೀವ ಉಳಿಸುವುದು ಅದೇ. ಬೇಸಗೆಯಲ್ಲಿ ಅರ್ತಿಂಗಿನ ಗುಂಡಿ ಒಣಗಿದ್ದರೆ ನೀರು ಹಾಕಿರಿ. ವರ್ಷಕ್ಕೊಮ್ಮೆ ಬಲ್ಲವರಿಂದ ಪರೀಕ್ಷೆ ಮಾಡಿಸಿರಿ.

ಮುಂಗಾರಿನ ಮೊದಲ ಸಿಡಿಲುಗಳಿಗೆ ಮುಂಚೆ, ಮೋಡ ಕಪ್ಪಿಟ್ಟಾಗಲೇ, ಪ್ಲಗ್ಗುಗಳನ್ನು ಕಿತ್ತಿಡಿರಿ. ಗುಡುಗು ತಲೆಯ ಮೇಲೆ ಬಂದ ನಂತರ ಮುಟ್ಟಬೇಡಿರಿ. ಸ್ಪೀಕರನ್ನು ಇನ್ನೊಮ್ಮೆ ಕೊಳ್ಳಬಹುದು, ಜೀವವನ್ನಲ್ಲ.