ನೆನಪನ್ನು ಕೇಳಬೇಡಿ, ಅಭಿಪ್ರಾಯವನ್ನು ಕೇಳಿ

‘ಅರವತ್ತಕ್ಕೆ ಅರಳು ಮರಳು’ ಎಂದು ನಗುನಗುತ್ತ ಆಡುವ ಮಾತಿನಲ್ಲಿ ಒಂದು ಅನ್ಯಾಯವಿದೆ. ಕನ್ನಡಕವನ್ನು ಎಲ್ಲಿಟ್ಟೆನೆಂದು ಮರೆಯುವುದು ವಯೋಧರ್ಮ. ಕನ್ನಡಕ ಏತಕ್ಕೆಂಬುದೇ ಮರೆತುಹೋದರೆ ಅದು ರೋಗ. ವೈದ್ಯರು ಇದನ್ನು ಡಿಮೆನ್ಷಿಯ ಎನ್ನುತ್ತಾರೆ. ಥೈರಾಯ್ಡಿನ ದೋಷ, ಬಿ-12 ಜೀವಸತ್ವದ ಕೊರತೆ ಮುಂತಾದ ಪರಿಹಾರವಿರುವ ಕಾರಣಗಳೂ ಉಂಟಾದ್ದರಿಂದ ಮೊದಲು ವೈದ್ಯರಿಗೆ ತೋರಿಸುವುದು ಅವಶ್ಯ. ಆದರೆ ಆಲ್ಜೈಮರ್‌ನಂತಹ ರೋಗಗಳನ್ನು ಬೇರುಸಹಿತ ಕೀಳುವ ಔಷಧಿ ಇನ್ನೂ ದೊರೆತಿಲ್ಲ. ಹಾಗೆಂದು ಮನೆಯವರು ಕೈಕಟ್ಟಿ ಕುಳಿತಿರಬೇಕೆ?

ಬೇಕಿಲ್ಲವೆನ್ನಲು ಆಧಾರವನ್ನೊದಗಿಸಿದವರು ಲಂಡನ್ನಿನ ಏಮಿ ಸ್ಪೆಕ್ಟರ್ ಮತ್ತು ಅವರ ಸಂಗಡಿಗರು. 2003ರಲ್ಲಿ ಅವರು ಪ್ರಕಟಿಸಿದ ಪ್ರಯೋಗದಲ್ಲಿ 201 ಮಂದಿ ರೋಗಿಗಳಿದ್ದರು. ಒಂದು ಗುಂಪಿನವರಿಗೆ ವಾರಕ್ಕೆರಡರಂತೆ 7 ವಾರಗಳಲ್ಲಿ 14 ಕೂಟಗಳು. ಪ್ರತಿಯೊಂದೂ 45 ನಿಮಿಷ. ಉಳಿದವರಿಗೆ ಎಂದಿನ ಆರೈಕೆ ಮಾತ್ರ. ಕೊನೆಗೆ ಕೂಟದವರ ಬುದ್ಧಿಶಕ್ತಿಯೂ ಬಾಳಿನ ನೆಮ್ಮದಿಯೂ ಉಳಿದವರಿಗಿಂತ ಮೇಲಾಗಿದ್ದುವು.

ಆ ಕೂಟಗಳಲ್ಲಿ ನಡೆಯುವುದಾದರೂ ಏನು? ಸದಸ್ಯರು ತಮ್ಮ ಗುಂಪಿಗೆ ತಾವೇ ಒಂದು ಹೆಸರಿಡುತ್ತಾರೆ. ಹಾಡಿನಿಂದ ಆರಂಭ. ಬಳಿಕ ಒಮ್ಮೆ ಊಟ ತಿಂಡಿಯ ಮಾತು, ಒಮ್ಮೆ ಬಾಲ್ಯ, ಒಮ್ಮೆ ಹಣದ ಲೆಕ್ಕ, ಒಮ್ಮೆ ಪತ್ರಿಕೆಯ ಸುದ್ದಿ, ಒಮ್ಮೆ ಪದಗಳ ಆಟ. ಇದೆಲ್ಲ ಮಕ್ಕಳಾಟವೆಂದು ತೋರಬಹುದು. ಇದರ ಗುಟ್ಟು ಇರುವುದು ಪ್ರಶ್ನೆ ಕೇಳುವ ರೀತಿಯಲ್ಲಿ. ‘ಇವರು ಯಾರು, ಹೇಳಿ ನೋಡೋಣ’ ಎಂಬುದು ಪರೀಕ್ಷೆ. ಉತ್ತರ ಹೊಳೆಯದ ಹಿರಿಯರು ನಾಚಿ ಮೌನ ತಾಳುತ್ತಾರೆ. ಎರಡು ಚಿತ್ರಗಳನ್ನು ಮುಂದಿಟ್ಟು ‘ಇವರಿಬ್ಬರಲ್ಲಿ ಯಾರು ಚೆಲುವರು?’ ಎಂದರೆ ತಪ್ಪುತ್ತರವೇ ಇಲ್ಲ! ನೆನಪು ಸೋರಿಹೋದರೂ ಅಭಿರುಚಿ ಉಳಿದಿರುತ್ತದೆ. ನಮ್ಮ ಮನೆಗಳಲ್ಲಿ ‘ನಾನು ಯಾರು ಗೊತ್ತಾಯಿತೇ?’ ಎಂದು ಬಂದವರೆಲ್ಲ ಅಜ್ಜಿಯನ್ನು ಪೀಡಿಸುವುದನ್ನು ಕಂಡವರಿಗೆ ಇದರ ಬೆಲೆ ಬೇಗನೆ ತಿಳಿದೀತು.

ಏಳು ವಾರಕ್ಕೇ ನಿಲ್ಲಿಸಿದರೆ ಸಾಲದು. 236 ಮಂದಿಯ ಮತ್ತೊಂದು ಪ್ರಯೋಗದಲ್ಲಿ ವಾರಕ್ಕೊಂದರಂತೆ ಇನ್ನೂ 24 ವಾರ ಕೂಟವನ್ನು ಮುಂದುವರಿಸಿದರು. 2014ರಲ್ಲಿ ಬಂದ ಅದರ ಫಲಿತಾಂಶದಂತೆ, ಮುಂದುವರಿಸಿದವರ ನೆಮ್ಮದಿ ಆರು ತಿಂಗಳ ಬಳಿಕ ಹೆಚ್ಚಾಗಿತ್ತು. ಬುದ್ಧಿಶಕ್ತಿಯಲ್ಲಿ ಮಾತ್ರ ಒಟ್ಟಾರೆ ಅಂತಹ ವ್ಯತ್ಯಾಸ ಕಾಣಲಿಲ್ಲ.

ಮನೆಯಲ್ಲಿ ಮಗನೋ ಮಡದಿಯೋ ಒಬ್ಬೊಬ್ಬರೇ ನಡೆಸಿದ ಪ್ರಯೋಗ 2015ರಲ್ಲಿ ಪ್ರಕಟವಾಯಿತು. ಅದರಿಂದಲೂ ರೋಗಿಯ ಬುದ್ಧಿಶಕ್ತಿ ಹೆಚ್ಚಲಿಲ್ಲ. ಆದರೆ ಆರೈಕೆ ಮಾಡುವವರೊಡನೆ ತಮ್ಮ ಬಾಂಧವ್ಯ ಹಿತವಾಯಿತೆಂದು ರೋಗಿಗಳೇ ತಿಳಿಸಿದರು. ಇದು ಸಣ್ಣ ಲಾಭವೆಂದು ನನಗೆ ತೋರುವುದಿಲ್ಲ.

ನೆರೆಯ ಚೆನ್ನೈಯಲ್ಲಿ ಸ್ಕಾರ್ಫ್ ಸಂಸ್ಥೆಯವರು ಈ ಕ್ರಮವನ್ನು ತಮಿಳರ ಬದುಕಿಗೆ ಒಗ್ಗಿಸಿದ್ದಾರೆ. ರೋಗ ತೀರ ಬಲಿಯದವರಿಗೆ ಇದು ಹೊಂದುತ್ತದೆ. ಕನ್ನಡದ ಮನೆಯಲ್ಲಿ ಇಂಗು, ಏಲಕ್ಕಿ, ಮಲ್ಲಿಗೆಗಳ ವಾಸನೆಯಿಂದಲೇ ಮಾತು ತೊಡಗಬಹುದು: ಬಿಸಿಬೇಳೆ ಹುಳಿಗೆ ತುಪ್ಪ ಲೇಸೋ, ಹಪ್ಪಳ ಲೇಸೋ? ಬೇಸರ ಕಂಡರೆ ಅಲ್ಲಿಗೇ ಬಿಟ್ಟು, ಮರುದಿನ ಕಾಫಿಯ ವೇಳೆಗೆ ಮತ್ತೆ ಎತ್ತಿಕೊಳ್ಳಿರಿ.