ಅರಳು ಮರಳು ಎಂದು ಕೈಬಿಡಬೇಡಿ

ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ಆವನಿಯ ಯಾವ ಜಗಲಿಯ ಮೇಲೆ ಕೂತರೂ ಈ ಮಾತು ಕಿವಿಗೆ ಬೀಳುತ್ತದೆ: "ಅರವತ್ತಕ್ಕೆ ಅರಳು ಮರಳು, ಬಿಡಪ್ಪ." ಅಜ್ಜಿ ಕೇಳಿದ್ದನ್ನೇ ಹತ್ತು ಸಲ ಕೇಳಿದರೂ ಇದೇ ಉತ್ತರ. ಶಿವರಾತ್ರಿ ಜಾತ್ರೆಯ ದಿನ ರಾಮಲಿಂಗೇಶ್ವರನ ಗುಡಿಯಿಂದ ಹೊರಟ ತಾತನಿಗೆ ತನ್ನ ಮನೆಯ ದಾರಿಯೇ ತಪ್ಪಿದರೂ ಇದೇ ಉತ್ತರ. ಹಿರಿಯರಿಗೆ ಸಿಗಬೇಕಾದ ಚಿಕಿತ್ಸೆಯನ್ನು ಇಷ್ಟು ಸಲೀಸಾಗಿ ತಪ್ಪಿಸುವ ಮಾತು ಇನ್ನೊಂದಿಲ್ಲ.

ವಯಸ್ಸಾದಂತೆ ನೆನಪು ನಿಧಾನವಾಗುವುದು ನಿಜ. ಬೀಗದ ಕೈ ಎಲ್ಲಿಟ್ಟೆ ಎಂದು ಹುಡುಕುವುದು, ನೆಂಟರ ಹೆಸರು ನಾಲಿಗೆ ತುದಿಗೆ ಬಂದು ನಿಂತು ಸಂಜೆಗೆ ನೆನಪಾಗುವುದು ಗಾಬರಿಪಡುವ ಸಂಗತಿಗಳಲ್ಲ. ಆದರೆ ಐವತ್ತು ವರ್ಷ ದಿನಾ ಮುದ್ದೆ ತಿರುವಿದ ಕೈ ಒಲೆಯ ಮುಂದೆ ತಡೆದು ನಿಂತಿದೆ ಎಂದುಕೊಳ್ಳಿ. ಎಸರು ಉಕ್ಕುತ್ತಿದೆ, ರಾಗಿಹಿಟ್ಟಿನ ಡಬ್ಬ ಕೈಯಲ್ಲೇ ಇದೆ, ಮುದ್ದೆ ಕೋಲು ಪಕ್ಕದಲ್ಲಿದೆ, ಮುಂದೇನು ಮಾಡಬೇಕೆಂದು ಮಾತ್ರ ತಿಳಿಯುತ್ತಿಲ್ಲ. ಅದು ಮುಪ್ಪಿನ ಮರೆವಲ್ಲ. ಮೆದುಳಿಗೆ ಏನೋ ಆಗಿದೆ, ಡಾಕ್ಟರು ನೋಡಲೇಬೇಕು.

ಅಂಕಿ ಅಂಶವೂ ಗಾದೆಯ ಪರವಾಗಿಲ್ಲ. ದೇಶದಾದ್ಯಂತ ನಡೆದ ಲಾಸಿ-ಡ್ಯಾಡ್ ಅಧ್ಯಯನದ ಅಂದಾಜಿನಂತೆ, ಅರವತ್ತು ದಾಟಿದ ಭಾರತೀಯರಲ್ಲಿ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇರುವವರು ಶೇ 7.4. ಉಳಿದ ಶೇ 92ಕ್ಕೂ ಹೆಚ್ಚು ಮಂದಿಗೆ ಅದಿಲ್ಲ. ದೂರ ಹೋಗುವುದೇ ಬೇಡ: ಇದೇ ಜಿಲ್ಲೆಯ ಮಾಲೂರು ತಾಲ್ಲೂಕಿನಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿಯವರ 'ಚಿಕವೀರ ರಾಜೇಂದ್ರ' ಪ್ರಕಟವಾದದ್ದು 1956ರಲ್ಲಿ, ಅವರ ಅರವತ್ತೈದರ ಸುಮಾರಿಗೆ. ಮುಳಬಾಗಿಲಿನಲ್ಲೇ ಹುಟ್ಟಿದ ಡಿವಿಜಿಯವರಿಗೆ ಗೀತೆಯ ಮೇಲಿನ ಗ್ರಂಥಕ್ಕಾಗಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಎಂಬತ್ತು. ಇನ್ನೊಂದು ಕಡೆ, ಅಲೋಯಿಸ್ ಆಲ್ಝೈಮರ್ ಎಂಬ ಜರ್ಮನ್ ವೈದ್ಯರು ತಮ್ಮ ಹೆಸರಿನ ಕಾಯಿಲೆಯನ್ನು ಮೊದಲು ಗುರುತಿಸಿದ ಹೆಂಗಸು 1901ರಲ್ಲಿ ಆಸ್ಪತ್ರೆ ಸೇರಿದಾಗ ಆಕೆಗಿನ್ನೂ ಐವತ್ತೊಂದು. ಅರವತ್ತರ ಲೆಕ್ಕ ಎತ್ತಲಿಂದ ನೋಡಿದರೂ ಕೂಡಿಬರುವುದಿಲ್ಲ.

ಹೊಟ್ಟೆ ಉರಿಸುವ ಸಂಗತಿ ಬೇರೆಯೇ ಇದೆ. ಮರೆವಿನ ಕಾರಣಗಳಲ್ಲಿ ಕೆಲವನ್ನು ಪೂರ್ತಿ ಸರಿಪಡಿಸಬಹುದು. ಥೈರಾಯ್ಡ್ ಕಡಿಮೆಯಾದರೆ ಬುದ್ಧಿ ಮಂಕಾಗುತ್ತದೆ, ಬಿ12 ಕೊರತೆಯಾದರೂ ಅಷ್ಟೆ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಿಗೆ, ದಿನಾ ಬೆಳಿಗ್ಗೆ ಗ್ಯಾಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಆ ಕೊರತೆ ಬರುವ ಸಂಭವ ಹೆಚ್ಚು. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡ ಮೇಲೆ ಕವಿಯುವ ಖಿನ್ನತೆ, ಅಂಗಡಿಯಲ್ಲಿ ಕೇಳಿ ತಂದ ನಿದ್ದೆ ಮಾತ್ರೆ, ಇವೂ ಮರೆವಿನಂತೆಯೇ ಕಾಣುತ್ತವೆ. ನಿನ್ನೆವರೆಗೆ ಸರಿಯಾಗಿದ್ದವರು ಇವತ್ತು ಇದ್ದಕ್ಕಿದ್ದಂತೆ ಏನೇನೋ ಮಾತಾಡಿದರೆ ಮೂತ್ರದ ಸೋಂಕೋ, ರಕ್ತದಲ್ಲಿ ಸೋಡಿಯಂ ಇಳಿದದ್ದೋ ಕಾರಣವಿರಬಹುದು. ಅದಕ್ಕೆ ಅದೇ ದಿನ ಆಸ್ಪತ್ರೆ ಬೇಕು. ಅಂಥವರನ್ನೂ 'ಅರಳು ಮರಳು' ಎಂದು ಮೂಲೆಯಲ್ಲಿ ಕೂರಿಸಿದರೆ, 'ಗಾಳಿ ಸೋಕಿದೆ' ಎಂದು ತಾಯತ ಕಟ್ಟಿಸಿದರೆ, ಉಳಿಸಬಹುದಾದ ಜೀವವೇ ಹೋಗಬಹುದು.

ನಿಜವಾದ ಡಿಮೆನ್ಷಿಯಾವನ್ನು ಪೂರ್ತಿ ವಾಸಿಮಾಡುವ ಮದ್ದು ಇನ್ನೂ ಇಲ್ಲ. ಆದರೂ 2024ರ ಲ್ಯಾನ್ಸೆಟ್ ಆಯೋಗದ ವರದಿ ಭರವಸೆ ಕೊಡುತ್ತದೆ: ಬಿಪಿ, ಸಕ್ಕರೆ, ಹೊಗೆ ಸೇದುವುದು, ಕಿವಿ ಮಂದವಾಗುವುದು, ಒಂಟಿತನ ಸೇರಿ ಹದಿನಾಲ್ಕು ಅಪಾಯಗಳನ್ನು ನಿಭಾಯಿಸಿದರೆ ಶೇ 45ರಷ್ಟು ಪ್ರಕರಣಗಳನ್ನು ತಡೆಯುವ ಇಲ್ಲವೇ ಮುಂದೂಡುವ ಸಾಧ್ಯತೆ ಇದೆ. ಈ ವಿಷಯದಲ್ಲಿ ಕೋಲಾರ ಜಿಲ್ಲೆಯೇ ದೇಶಕ್ಕೆ ಪಾಠಶಾಲೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ 2018ರಿಂದ ಪಕ್ಕದ ಶ್ರೀನಿವಾಸಪುರದ ಹಳ್ಳಿಗಳಲ್ಲಿ ನಲವತ್ತೈದು ದಾಟಿದ 10,000 ಮಂದಿಯ ಗುರಿಯಿಟ್ಟುಕೊಂಡು ಅಧ್ಯಯನ ನಡೆಸುತ್ತಿದೆ. ನೆನಪಿನ ಪರೀಕ್ಷೆ, ರಕ್ತ, ಮೆದುಳಿನ ಎಂಆರ್‌ಐ, ಎಲ್ಲವನ್ನೂ ವರ್ಷಗಟ್ಟಲೆ ಗಮನಿಸುವ ಕೆಲಸವದು. 2022ರಲ್ಲಿ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಮೆದುಳು ಆರೋಗ್ಯ ಯೋಜನೆಯನ್ನು ಶುರುಮಾಡಿದಾಗಲೂ ಮೊದಲು ಆರಿಸಿಕೊಂಡ ಜಿಲ್ಲೆಗಳಲ್ಲಿ ಕೋಲಾರವಿತ್ತು.

ಅರಳು ಮರಳಿನಂಥ ನಂಬಿಕೆಗಳು ಇನ್ನೂ ಇವೆ. ಕಣ್ಣಿನ ಪೊರೆ ಬಲಿಯುವವರೆಗೆ ಕಾಯಬೇಕೆಂಬುದು ಹಳೆಯ ಕಾಲದ ಮಾತು. ಈಗ ಕಾಯ್ದಷ್ಟೂ ಆಪರೇಷನ್ ಕಷ್ಟ. ಮಂಡಿನೋವು ಬಂದವರು ಕೂತೇ ಇರಬೇಕೆಂದರೆ ತೊಡೆಯ ಬಲ ಕರಗಿ ಬೀಳುವುದು ಹೆಚ್ಚುತ್ತದೆ. ಬಿಪಿ ಸರಿಹೋಯಿತೆಂದು ಮಾತ್ರೆ ಬಿಡುವವರಿಗೆ, ಸರಿಯಾಗಿರುವುದೇ ಮಾತ್ರೆಯಿಂದ ಎಂದು ಎಷ್ಟು ಸಲ ಹೇಳಬೇಕೋ. ಒಂದೆಲಗದ ಚಟ್ನಿ ಊಟಕ್ಕೆ ಚೆಂದ, ಹೋದ ನೆನಪನ್ನು ಅದು ವಾಪಸ್ ತರುತ್ತದೆ ಎನ್ನಲು ಪುರಾವೆಯಿಲ್ಲ.

ಸೀಮೆಹಸು ಒಂದು ಹೊತ್ತು ಮೆಲುಕು ಹಾಕದಿದ್ದರೆ ಈ ಸೀಮೆಯ ರೈತ ಸಂಜೆಯೊಳಗೆ ದನದ ಡಾಕ್ಟರಿಗೆ ಫೋನ್ ಮಾಡುತ್ತಾನೆ. ಅದೇ ಮನೆಯಲ್ಲಿ ತಾಯಿ ಆರು ತಿಂಗಳಿಂದ ಮೊಮ್ಮಗನ ಹೆಸರು ಮರೆಯುತ್ತಿದ್ದರೆ ಗಾದೆ ಹೇಳಿ ಸುಮ್ಮನಾಗುತ್ತಾರೆ. ಫೋನಿನಲ್ಲಿ ಬಂದ ನೆನಪಿನ ಪುಡಿಯ ಜಾಹೀರಾತಿಗೆ ಸಾವಿರಾರು ರೂಪಾಯಿ ಹೋಗುತ್ತದೆ, ಒಂದು ರಕ್ತ ಪರೀಕ್ಷೆ ಮಾತ್ರ ದುಬಾರಿ ಎನಿಸುತ್ತದೆ.

ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ, ನಾಟಿ ಮದ್ದನ್ನೂ ಸೇರಿಸಿ, ಒಂದು ಕವರಿನಲ್ಲಿ ಹಾಕಿಕೊಂಡು ಹೋಗಬೇಕು. ಮರೆವು ಯಾವಾಗ ಶುರುವಾಯಿತು, ಮೊದಲು ತಪ್ಪಿದ ಕೆಲಸ ಯಾವುದು ಎಂದು ಬರೆದುಕೊಂಡಿರಬೇಕು. ಜೊತೆಗೆ ಹಿರಿಯರೊಡನೆ ದಿನಾ ಇರುವ ಸೊಸೆಯೋ ಮಗನೋ ಹೋಗಬೇಕು, ಏಕೆಂದರೆ ಡಾಕ್ಟರ ಅರ್ಧ ಪ್ರಶ್ನೆಗಳು ಅವರಿಗೇ.