ಕ್ರಿಸ್ತನ ಪ್ರಾಯಶ್ಚಿತ್ತವೂ ಮನುಷ್ಯನ ಅವಿಶ್ವಾಸವೂ: ಲೂಥರನ್ ಮತ್ತು ಕ್ಯಾಲ್ವಿನ್ ಪಂಥಗಳಲ್ಲಿ ಪಾಪಕ್ಷಮೆಯ ಬೋಧನೆ

ಕ್ರಿಸ್ತನು ಸರ್ವರಿಗಾಗಿ ಮರಣಹೊಂದಿದ್ದರೆ ಅವಿಶ್ವಾಸಿಯು ನಾಶವಾಗುವುದು ಹೇಗೆ? ಅವನು ನಾಶವಾಗುವುದು ನಿಜವಾದರೆ, ಅವನ ಪಾಪಗಳಿಗೂ ಪ್ರಾಯಶ್ಚಿತ್ತವಾಗಿದೆಯೆಂದು ಹೇಳುವುದು ಹೇಗೆ? ಈ ಪ್ರಶ್ನೆಗಳು ಮೊದಲ ನೋಟಕ್ಕೆ ಪಂಡಿತರ ವಾದವಿಷಯಗಳಾಗಿ ತೋರಬಹುದು. ಆದರೆ ಮರಣಶಯ್ಯೆಯ ಬಳಿಯಲ್ಲಿ ಕುಳಿತು, “ಅಯ್ಯನವರೇ, ನನ್ನಂಥವನಿಗೂ ಕ್ಷಮೆಯುಂಟೇ?” ಎಂಬ ಮಾತನ್ನು ಕೇಳಿದ ಸಭಾಪಾಲಕನಿಗೆ ಇವು ಕೇವಲ ವಾದವಿಷಯಗಳಲ್ಲ. “ಕ್ರಿಸ್ತನು ನಿನಗಾಗಿಯೇ ಸತ್ತನು” ಎಂದು ಯಾವ ಸಂಕೋಚವೂ ಇಲ್ಲದೆ ಹೇಳುವ ಅಧಿಕಾರ ನಮಗುಂಟೋ, ಅಥವಾ “ನೀನು ಆರಿಸಲ್ಪಟ್ಟವನಾಗಿದ್ದರೆ” ಎಂಬ ನಿಬಂಧನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೇಳಬೇಕೋ? ಸುಧಾರಣಾ ಯುಗದ ಎರಡು ಮುಖ್ಯ ಪರಂಪರೆಗಳು ಇದಕ್ಕೆ ಭಿನ್ನವಾದ ಉತ್ತರಗಳನ್ನು ಕೊಟ್ಟಿವೆ. ಅವು ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಮೊದಲು ಒಂದು ಪದದ ವಿಚಾರ. ನಮ್ಮ ನಾಡಿನ ಧರ್ಮಶಾಸ್ತ್ರಗಳಲ್ಲಿ ಪ್ರಾಯಶ್ಚಿತ್ತವೆಂದರೆ ದೋಷಮಾಡಿದವನು ತಾನೇ ಆಚರಿಸಬೇಕಾದ ಕ್ರಿಯೆ. ಸುವಾರ್ತೆಯಲ್ಲಿಯಾದರೋ ದೋಷಮಾಡಿದವನು ಸುಮ್ಮನೆ ನಿಂತಿದ್ದಾನೆ. ದೋಷವಿಲ್ಲದವನು ಅದನ್ನು ನೆರವೇರಿಸುತ್ತಾನೆ. ಈ ವ್ಯತ್ಯಾಸವನ್ನು ನಾವು ಮರೆತರೆ ಪದದ ಹಳೆಯ ಅರ್ಥ ಮೆಲ್ಲಗೆ ಹಿಂದಿರುಗಿ ಬರುತ್ತದೆ. ಆಗ ನಮ್ಮ ವಿಶ್ವಾಸವೇ ನಾವು ಮಾಡಬೇಕಾದ ಪ್ರಾಯಶ್ಚಿತ್ತವಾಗಿಬಿಡುತ್ತದೆ. ಎರಡು ಪರಂಪರೆಗಳೂ ಭಯಪಟ್ಟದ್ದು ಈ ಅಪಾಯಕ್ಕೆ.

1. ಮೊಂಬೆಲ್ಯಾರಿನ ಸಂವಾದ

1586ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಮೊಂಬೆಲ್ಯಾರ್ ಪಟ್ಟಣದಲ್ಲಿ ಎರಡು ಪಕ್ಷಗಳ ಪಂಡಿತರು ಮುಖಾಮುಖಿಯಾದರು. ವುರ್ಟೆಂಬರ್ಗಿನ ಲೂಥರನರ ಪರವಾಗಿ ಯಾಕೋಬ್ ಆಂಡ್ರೆಯನೂ, ಜಿನೀವದಿಂದ ಕ್ಯಾಲ್ವಿನನ ಉತ್ತರಾಧಿಕಾರಿಯಾದ ಥಿಯೊಡೋರ್ ಬೇಜನೂ ಬಂದಿದ್ದರು. ಫ್ರಾನ್ಸಿನಿಂದ ಓಡಿಬಂದಿದ್ದ ರಿಫಾರ್ಮ್ಡ್ ವಿಶ್ವಾಸಿಗಳು ಆ ಪಟ್ಟಣದ ಲೂಥರನ್ ಸಭೆಯಲ್ಲಿ ಪ್ರಭುಭೋಜನದಲ್ಲಿ ಪಾಲುಗೊಳ್ಳಬಹುದೇ ಎಂಬ ಪ್ರಶ್ನೆ ಈ ಸಂವಾದಕ್ಕೆ ಒಂದು ಕಾರಣವಾಗಿತ್ತು. ಪ್ರಭುಭೋಜನ, ಕ್ರಿಸ್ತನ ವ್ಯಕ್ತಿತ್ವ, ದೀಕ್ಷಾಸ್ನಾನ ಮೊದಲಾದ ವಿಷಯಗಳು ಮುಗಿದ ಬಳಿಕ ಮಾತು ದೇವರ ಪೂರ್ವನಿಯೋಜನೆಗೆ ಬಂತು.

ನಾಶವಾಗುವವರ ಪಾಪಗಳಿಗಾಗಿಯೂ ಕ್ರಿಸ್ತನು ಸತ್ತನೆಂಬುದನ್ನು ಬೇಜನು ಒಪ್ಪಲಿಲ್ಲ. ಆಂಡ್ರೆಯನಿಗೆ ಇದು ಸುವಾರ್ತೆಯ ಬುಡಕ್ಕೆ ಕೊಡಲಿಯಿಟ್ಟಂತೆ ಕಂಡಿತು. ನಾಶವಾಗುವವರು ಪಾಪಮಾಡಿದ್ದರಿಂದ ನಾಶವಾಗುವುದಿಲ್ಲ, ಕ್ರಿಸ್ತನನ್ನು ವಿಶ್ವಾಸದಿಂದ ಅಂಗೀಕರಿಸಲೊಲ್ಲದೆ ಇದ್ದುದರಿಂದ ನಾಶವಾಗುತ್ತಾರೆಂದು ಅವನು ವಾದಿಸಿದನು. ಬೇಜನಿಗೆ ಇದು ಕೇಳರಿಯದ ಬೋಧನೆಯಾಗಿ ತೋರಿತು. ಕೊನೆಗೆ ಬೇಜನು ಸಹೋದರತ್ವದ ಹಸ್ತವನ್ನು ಬಯಸಿದಾಗ ಆಂಡ್ರೆಯನು ಅದನ್ನು ನಿರಾಕರಿಸಿ, ಮಾನವೀಯ ಸ್ನೇಹದ ಹಸ್ತವನ್ನು ಮಾತ್ರ ನೀಡಲು ಮುಂದಾದನು. ಬೇಜನು ಅದನ್ನು ಸ್ವೀಕರಿಸಲಿಲ್ಲ. ಪಾಪಕ್ಷಮೆಯನ್ನು ಕುರಿತು ಮಾತನಾಡಲು ಕೂಡಿದವರು ಕೈಹಿಡಿಯದೆ ಬೇರೆಯಾದರು.

2. ಲೂಥರನ್ ಬೋಧನೆ: ಸಂಪಾದನೆಯೂ ವಿತರಣೆಯೂ

ಆಂಡ್ರೆಯನ ಮಾತಿನ ಹಿಂದೆ ಲೂಥರನು 1525ರಲ್ಲಿ ‘ಪರಲೋಕದ ಪ್ರವಾದಿಗಳ ವಿರುದ್ಧ’ ಎಂಬ ಗ್ರಂಥದಲ್ಲಿ ಮಾಡಿದ ಒಂದು ವಿವೇಚನೆಯಿದೆ. ಪಾಪಕ್ಷಮೆಯ ಸಂಪಾದನೆ ಬೇರೆ, ಅದರ ವಿತರಣೆ ಬೇರೆ. ಕ್ರಿಸ್ತನು ಅದನ್ನು ಶಿಲುಬೆಯ ಮೇಲೆ ಒಂದೇ ಸಾರಿ ಸಂಪೂರ್ಣವಾಗಿ ಸಂಪಾದಿಸಿದನು, ಆದರೆ ಅಲ್ಲಿ ಹಂಚಲಿಲ್ಲ. ವಾಕ್ಯದಲ್ಲಿಯೂ ಸಂಸ್ಕಾರಗಳಲ್ಲಿಯೂ ಅದನ್ನು ಹಂಚುತ್ತಾನೆ. ಅಲ್ಲಿ ಮತ್ತೆ ಸಂಪಾದಿಸುವುದಿಲ್ಲ. ಆದುದರಿಂದ ಕ್ಷಮೆಯನ್ನು ಹುಡುಕುವವನು ದೇವರ ಗುಪ್ತ ಆಲೋಚನೆಯೊಳಗೆ ಇಣುಕಿ ನೋಡಬೇಕಾಗಿಲ್ಲ. ತನಗೆ ಸಾರಲ್ಪಟ್ಟ ವಾಕ್ಯಕ್ಕೆ ಕಿವಿಗೊಟ್ಟರೆ ಸಾಕು. 1529ರ ಕಿರಿಯ ಪ್ರಶ್ನೋತ್ತರಮಾಲೆಯಲ್ಲಿ ಪ್ರಭುಭೋಜನವನ್ನು ವಿವರಿಸುವಾಗ ಲೂಥರನು “ನಿಮಗಾಗಿ” ಎಂಬುದಕ್ಕೆ ಅಷ್ಟು ಒತ್ತುಕೊಟ್ಟದ್ದು ಇದೇ ಕಾರಣದಿಂದ.

ಒಂದು ದೃಷ್ಟಾಂತ: ಸಾಲಗಾರನೊಬ್ಬನು ಧಣಿಗೆ ಹೆದರಿ ಊರುಬಿಟ್ಟು ಹೋಗಿದ್ದಾನೆ. ಅವನ ಸಾಲವನ್ನು ಮತ್ತೊಬ್ಬನು ತೀರಿಸಿ, ಸಾಲಪತ್ರವನ್ನು ಹರಿದುಹಾಕಿಸಿ, ಹಿಂದಿರುಗೆಂದು ಹೇಳಿಕಳುಹಿಸುತ್ತಾನೆ. ಓಡಿಹೋದವನು ಆ ಮಾತನ್ನು ನಂಬದಿದ್ದರೆ ಪರದೇಶದಲ್ಲಿಯೇ ಅಲೆದು ಸಾಯುತ್ತಾನೆ. ಅವನನ್ನು ಕೊಂದದ್ದು ತೀರದ ಸಾಲವಲ್ಲ, ನಂಬದ ಮನಸ್ಸು. ಅವನು ನಂಬದ ಮಾತ್ರಕ್ಕೆ ಸಾಲ ತೀರಿದ್ದು ಸುಳ್ಳಾಗುವುದೂ ಇಲ್ಲ. 1 ಯೋಹಾನ 2:2ರಲ್ಲಿ ಸಮಸ್ತ ಲೋಕದ ಪಾಪಗಳ ವಿಷಯವಾಗಿ ಹೇಳಿರುವುದನ್ನೂ, 2 ಪೇತ್ರ 2:1ರಲ್ಲಿ ಸುಳ್ಳು ಬೋಧಕರು ತಮ್ಮನ್ನು ಕೊಂಡುಕೊಂಡ ಒಡೆಯನನ್ನೇ ಅಲ್ಲಗಳೆಯುವರೆಂದು ಹೇಳಿರುವುದನ್ನೂ ಲೂಥರನರು ಈ ಅರ್ಥದಲ್ಲಿಯೇ ಓದುತ್ತಾರೆ.

ಆದರೂ ಅವರು ಸರ್ವರೂ ರಕ್ಷಣೆ ಹೊಂದುವರೆಂದು ಬೋಧಿಸಲಿಲ್ಲ. ಮೊಂಬೆಲ್ಯಾರಿನ ವಿವಾದದ ಬೆನ್ನಲ್ಲೇ ಸಾಮುವೆಲ್ ಹೂಬರನು ಪ್ರಾಯಶ್ಚಿತ್ತವು ಸಾರ್ವತ್ರಿಕವಾಗಿರುವಂತೆ ದೇವರ ಆಯ್ಕೆಯೂ ಸಾರ್ವತ್ರಿಕವೆಂದು ಬೋಧಿಸಿದಾಗ, ವಿಟ್ಟೆನ್‌ಬರ್ಗಿನ ಲೂಥರನ್ ಪಂಡಿತರೇ ಅವನನ್ನು ವಿರೋಧಿಸಿದರು. 1577ರ ‘ಐಕಮತ್ಯ ಸೂತ್ರ’ದ ಹನ್ನೊಂದನೆಯ ವಿಧಿಯಂತೆ, ರಕ್ಷಣೆಯ ಕಾರಣ ದೇವರ ಕೃಪೆಯ ಆಯ್ಕೆಯೇ, ನಾಶದ ಕಾರಣ ಮನುಷ್ಯನ ಸ್ವಂತ ತಿರಸ್ಕಾರವೇ.

3. ಕ್ಯಾಲ್ವಿನ್ ಪಂಥದ ಬೋಧನೆ: ಸಾಮರ್ಥ್ಯವೂ ಫಲವೂ

ರಿಫಾರ್ಮ್ಡ್ ಪರಂಪರೆ ಶಿಲುಬೆಯ ಬೆಲೆಯನ್ನು ಕಡಿಮೆಮಾಡುತ್ತದೆಂಬ ಆಕ್ಷೇಪಣೆಯನ್ನು ನಾವು ಆಗಾಗ ಕೇಳುತ್ತೇವೆ. ಅದು ನ್ಯಾಯವಾದುದಲ್ಲ. 1618–19ರ ಡೋರ್ಟ್ ಸಭೆಯ ನಿರ್ಣಯಗಳ ಎರಡನೆಯ ಅಧ್ಯಾಯವು, ಕ್ರಿಸ್ತನ ಮರಣಕ್ಕೆ ಅಪಾರವಾದ ಬೆಲೆಯುಂಟೆಂದೂ, ಅದು ಸರ್ವಲೋಕದ ಪಾಪಗಳ ಪರಿಹಾರಕ್ಕೆ ಸಾಕಾಗಿ ಮಿಗುವುದೆಂದೂ ಸಾರುತ್ತದೆ. ಆ ವಾಗ್ದಾನವನ್ನು ಭೇದವಿಲ್ಲದೆ ಸಕಲ ಜನಾಂಗಗಳಿಗೆ ಪ್ರಕಟಿಸಬೇಕೆಂದೂ, ಅನೇಕರು ಅವಿಶ್ವಾಸದಲ್ಲಿ ನಾಶವಾಗುವುದು ಆ ಯಜ್ಞದ ಯಾವ ಕೊರತೆಯಿಂದಲೂ ಅಲ್ಲ, ತಮ್ಮ ಸ್ವಂತ ತಪ್ಪಿನಿಂದಲೇ ಎಂದೂ ಹೇಳುತ್ತದೆ. ಇಲ್ಲಿಯವರೆಗೆ ಆಂಡ್ರೆಯನೂ ತಲೆದೂಗಬಹುದಾಗಿತ್ತು.

ಎಂಟನೆಯ ವಿಧಿಯಲ್ಲಿ ದಾರಿ ಅಗಲುತ್ತದೆ. ಕ್ರಿಸ್ತನ ಮರಣವು ಫಲಕಾರಿಯಾಗಿ ವಿಮೋಚಿಸಬೇಕೆಂದು ದೇವರು ಸಂಕಲ್ಪಿಸಿದ್ದು ಆರಿಸಲ್ಪಟ್ಟವರನ್ನು. ಅವರಿಗಾಗಿ ಕ್ರಿಸ್ತನು ಕ್ಷಮೆಯನ್ನಷ್ಟೇ ಅಲ್ಲ, ವಿಶ್ವಾಸವನ್ನೂ ತನ್ನ ಮರಣದಿಂದ ಸಂಪಾದಿಸಿದನು. ಈ ಕಡೆಯ ಮಾತನ್ನು ನಾವು ಗಮನವಿಟ್ಟು ಓದಬೇಕು. ಅವಿಶ್ವಾಸವನ್ನು ಗೆಲ್ಲುವ ಕೆಲಸ ಮನುಷ್ಯನ ಪಾಲಿಗೆ ಉಳಿಯುವುದಿಲ್ಲ. ಅದೂ ಶಿಲುಬೆಯ ಫಲವೇ. ಕುರಿಗಳಿಗಾಗಿ ಪ್ರಾಣಕೊಡುವ ಕುರುಬನ ಮಾತು (ಯೋಹಾನ 10:15), ಸಭೆಗಾಗಿ ತನ್ನನ್ನು ಒಪ್ಪಿಸಿಕೊಟ್ಟ ಕ್ರಿಸ್ತನ ಮಾತು (ಎಫೆಸ 5:25) ಇವೆರಡೂ ಈ ಬೋಧನೆಯ ಆಧಾರಗಳು.

ಆದರೆ ಈ ಪರಂಪರೆಯಲ್ಲಿಯೂ ಒಂದೇ ಧ್ವನಿಯಿರಲಿಲ್ಲ. 1563ರ ಹೈಡೆಲ್ಬರ್ಗ್ ಪ್ರಶ್ನೋತ್ತರಮಾಲೆಯ 37ನೆಯ ಉತ್ತರವು ಕ್ರಿಸ್ತನು ಸಮಸ್ತ ಮಾನವಕುಲದ ಪಾಪಕ್ಕೆ ವಿರುದ್ಧವಾದ ದೇವಕೋಪವನ್ನು ಹೊತ್ತನೆಂದು ಕಲಿಸುತ್ತದೆ. ಕ್ಯಾಲ್ವಿನನೇ ರೋಮಾಪುರದವರಿಗೆ ಬರೆದ ಪತ್ರಿಕೆಯ 5:18ರ ವ್ಯಾಖ್ಯಾನದಲ್ಲಿ ಕ್ರಿಸ್ತನು ಲೋಕದ ಪಾಪಗಳಿಗಾಗಿ ಬಾಧೆಪಟ್ಟು ಎಲ್ಲರಿಗೂ ನೀಡಲ್ಪಟ್ಟಿದ್ದರೂ ಎಲ್ಲರೂ ಅವನನ್ನು ಸ್ವೀಕರಿಸುವುದಿಲ್ಲವೆಂದು ಬರೆದನು. 1 ಯೋಹಾನ 2:2ನ್ನು ವ್ಯಾಖ್ಯಾನಿಸುವಾಗಲಾದರೋ ‘ಸಮಸ್ತ ಲೋಕ’ವೆಂಬುದನ್ನು ಲೋಕದಲ್ಲೆಲ್ಲ ಚದರಿರುವ ವಿಶ್ವಾಸಿಗಳಿಗೆ ಅನ್ವಯಿಸಿದನು.

4. ಅವಿಶ್ವಾಸವೂ ಪಾಪವಲ್ಲವೇ?

ಲೂಥರನ್ ಉತ್ತರದ ಮೇಲೆ ಅತ್ಯಂತ ತೀಕ್ಷ್ಣವಾದ ಬಾಣವನ್ನು ಪ್ರಯೋಗಿಸಿದವನು 17ನೆಯ ಶತಮಾನದ ಆಂಗ್ಲ ಪ್ಯೂರಿಟನ್ ಪಂಡಿತನಾದ ಜಾನ್ ಓವೆನ್. ಕ್ರಿಸ್ತನು ಎಲ್ಲ ಮನುಷ್ಯರ ಎಲ್ಲ ಪಾಪಗಳನ್ನೂ ಹೊತ್ತಿದ್ದರೆ ಎಲ್ಲರೂ ಬಿಡುಗಡೆಯಾಗದೆ ಇರುವುದೇಕೆ? ಅವಿಶ್ವಾಸದಿಂದ ಎಂಬ ಉತ್ತರಕ್ಕೆ ಅವನ ಮರುಪ್ರಶ್ನೆ: ಅವಿಶ್ವಾಸವು ಪಾಪವೋ ಅಲ್ಲವೋ? ಪಾಪವಲ್ಲದಿದ್ದರೆ ಅದಕ್ಕೆ ಶಿಕ್ಷೆ ಏಕೆ? ಪಾಪವಾಗಿದ್ದರೆ ಕ್ರಿಸ್ತನು ಅದನ್ನೂ ಹೊತ್ತಿರಬೇಕು. ಹೊತ್ತಿದ್ದರೆ ಅದು ಅಡ್ಡಿಯಾಗುವುದು ಹೇಗೆ? ಹೊತ್ತಿಲ್ಲದಿದ್ದರೆ ಅವನು ಎಲ್ಲ ಪಾಪಗಳಿಗಾಗಿ ಸಾಯಲಿಲ್ಲ. ಒಮ್ಮೆ ತೀರಿದ ಸಾಲವನ್ನು ನ್ಯಾಯವಂತನಾದ ದೇವರು ಎರಡನೆಯ ಸಾರಿ ವಸೂಲು ಮಾಡುವನೇ?

ಈ ವಾದವನ್ನು ಹಗುರಾಗಿ ತಳ್ಳಿಹಾಕಬಾರದು. ಆದರೆ ಅದರ ಬಲವೆಲ್ಲ ಸಾಲದ ರೂಪಕದಲ್ಲಿದೆ. ಹಣದ ಸಾಲವನ್ನು ಯಾರು ತೀರಿಸಿದರೂ ಸಾಲಗಾರನು ಆ ಕ್ಷಣವೇ ಬಿಡುಗಡೆಯಾಗುತ್ತಾನೆ. ಪ್ರಾಯಶ್ಚಿತ್ತವೂ ಹಾಗೆಯೇ ಆಗಿದ್ದರೆ ಆರಿಸಲ್ಪಟ್ಟವರು ಶಿಲುಬೆಯ ದಿನದಿಂದಲೇ, ತಾವು ಹುಟ್ಟುವ ಮೊದಲೇ, ನಿರ್ದೋಷಿಗಳಾಗಿರಬೇಕಾಗಿತ್ತು. ಪೌಲನಾದರೋ ತಾನೂ ಎಫೆಸದವರೂ ಒಂದು ಕಾಲದಲ್ಲಿ ಇತರರಂತೆಯೇ ಕೋಪಕ್ಕೆ ಒಳಗಾದವರಾಗಿದ್ದೆವೆಂದು ಬರೆಯುತ್ತಾನೆ (ಎಫೆಸ 2:3). ಶಿಲುಬೆಗೂ ವಿಶ್ವಾಸಕ್ಕೂ ನಡುವೆ ಅವರೂ ಕೋಪದಡಿಯಲ್ಲಿದ್ದರು. ಕ್ಯಾಲ್ವಿನನು ‘ಇನ್‌ಸ್ಟಿಟ್ಯೂಟ್ಸ್’ ಗ್ರಂಥದ ಮೂರನೆಯ ಭಾಗವನ್ನು ಇದೇ ಮಾತಿನಿಂದ ತೊಡಗುತ್ತಾನೆ: ಕ್ರಿಸ್ತನು ನಮ್ಮ ಹೊರಗೆ ಉಳಿದಿರುವ ತನಕ ಅವನು ಅನುಭವಿಸಿದ್ದೆಲ್ಲ ನಮಗೆ ನಿಷ್ಪ್ರಯೋಜಕ, ಪವಿತ್ರಾತ್ಮನು ನಮ್ಮನ್ನು ಅವನೊಡನೆ ಕೂಡಿಸಬೇಕು. 19ನೆಯ ಶತಮಾನದ ರಿಫಾರ್ಮ್ಡ್ ಪಂಡಿತ ಚಾರ್ಲ್ಸ್ ಹಾಡ್ಜನೂ ಹಣದ ಸಾಲಕ್ಕೂ ಅಪರಾಧದ ಶಿಕ್ಷೆಗೂ ಇರುವ ಭೇದವನ್ನು ತೋರಿಸಿ, ಎರಡನೆಯದರಲ್ಲಿ ಪರಿಹಾರವು ತಾನಾಗಿಯೇ ಬಿಡುಗಡೆಯನ್ನು ತರುವುದಿಲ್ಲವೆಂದು ಒಪ್ಪಿಕೊಂಡನು. ಅಷ್ಟಕ್ಕೆ ನಮ್ಮ ಸಾಲಗಾರನ ದೃಷ್ಟಾಂತವೂ ಅಪೂರ್ಣವೇ.

ಓವೆನನ ಮರುಪ್ರಶ್ನೆಗೆ ವೇದವೇ ಒಂದು ಉತ್ತರವನ್ನು ಕೊಡುತ್ತದೆ. ತಾನು ಅವಿಶ್ವಾಸಿಯಾಗಿದ್ದು ತಿಳಿಯದೆ ಹಾಗೆ ಮಾಡಿದ್ದರಿಂದ ತನಗೆ ಕರುಣೆ ದೊರೆಯಿತೆಂದು ಪೌಲನು 1 ತಿಮೊಥೆಯ 1:13ರಲ್ಲಿ ಹೇಳುತ್ತಾನೆ. ಆದುದರಿಂದ ಅವಿಶ್ವಾಸವು ಕ್ಷಮೆಗೆ ಹೊರಗಾದ ಪಾಪವಲ್ಲ. ಕ್ರಿಸ್ತನು ಅದನ್ನೂ ಹೊತ್ತನು. ಹಾಗಾದರೆ ಅದು ಅಡ್ಡಿಯಾಗುವುದು ಹೇಗೆ? ಪಾಪಗಳ ಪಟ್ಟಿಯಲ್ಲಿ ಮತ್ತೊಂದು ಪಾಪವಾಗಿ ಅಲ್ಲ, ಎಲ್ಲ ಪಾಪಗಳ ಕ್ಷಮೆಯನ್ನೂ ತಿರಸ್ಕರಿಸುವ ಮುಚ್ಚಿದ ಕೈಯಾಗಿ. ಔಷಧಿಯನ್ನು ಉಗುಳುವ ರೋಗಿಗೆ ಆ ಔಷಧಿಯಲ್ಲಿ ಯಾವ ಕೊರತೆಯೂ ಇಲ್ಲ.

5. ಎರಡು ಪಕ್ಷಗಳ ಭಾರ

ಆದರೂ ಎರಡು ಪಕ್ಷಗಳಿಗೂ ತಮ್ಮತಮ್ಮ ಭಾರಗಳುಂಟು. ಒಂದೇ ಸುವಾರ್ತೆಯನ್ನು ಕೇಳಿದ ಇಬ್ಬರಲ್ಲಿ ಒಬ್ಬನು ನಂಬುವುದೂ ಮತ್ತೊಬ್ಬನು ನಂಬದಿರುವುದೂ ಏಕೆಂದು ಕೇಳಿದರೆ, ಐಕಮತ್ಯ ಸೂತ್ರವು ಮೌನವಾಗುತ್ತದೆ. ಆ ಮೌನವನ್ನು ತಾಳಲಾರದೆ ಮುಂದಿನ ತಲೆಮಾರಿನ ಲೂಥರನ್ ಪಂಡಿತರಲ್ಲಿ ಅನೇಕರು ದೇವರು ವಿಶ್ವಾಸವನ್ನು ಮುಂಗಂಡು ಆರಿಸಿದನೆಂದು ಬೋಧಿಸಿದರು. ವಿಶ್ವಾಸವೂ ಆತ್ಮನ ದಾನವೆಂದೇ ಅವರು ಹೇಳಿದರೂ, ಹಳೆಯ ಅರ್ಥದ ಪ್ರಾಯಶ್ಚಿತ್ತ ಹಿಂದಿರುಗಲು ಅಲ್ಲಿ ಬಾಗಿಲು ಸ್ವಲ್ಪ ತೆರೆಯಿತು.

ಕ್ಯಾಲ್ವಿನ್ ಪಂಥದ ಭಾರ ಬೇರೆ ರೀತಿಯದು. ಕ್ರಿಸ್ತನು ಆರಿಸಲ್ಪಟ್ಟವರಿಗಾಗಿ ಸತ್ತನೆಂದರೆ, ‘ನಾನು ಆರಿಸಲ್ಪಟ್ಟವನೋ?’ ಎಂಬ ಪ್ರಶ್ನೆ ಹಿಂಬಾಲಿಸದೆ ಬಿಡದು. ಕ್ಯಾಲ್ವಿನನು ಕ್ರಿಸ್ತನೇ ನಮ್ಮ ಆಯ್ಕೆಯನ್ನು ಕಾಣುವ ಕನ್ನಡಿ, ಬೇರೆಲ್ಲಿಯೂ ಹುಡುಕಬೇಡಿರೆಂದು ಎಚ್ಚರಿಸಿದನು. ಆದರೆ ಮುಂದೆ ಅನೇಕರು ತಮ್ಮ ಜೀವನದ ಫಲಗಳಲ್ಲಿ ಆ ಗುರುತನ್ನು ಹುಡುಕಿದರು. ಫಲಗಳನ್ನು ಎಣಿಸುವ ಮನಸ್ಸಾಕ್ಷಿಗೆ ವಿಶ್ರಾಂತಿಯಿಲ್ಲ. ಈ ದಾರಿಯಲ್ಲಿಯೂ ಮನುಷ್ಯನು ಕಡೆಗೆ ತನ್ನನ್ನೇ ನೋಡಿಕೊಳ್ಳುವಂತಾಗುತ್ತದೆ.

ಹೀಗೆ ಎರಡು ದಾರಿಗಳಲ್ಲಿಯೂ ಅಪಾಯ ಒಂದೇ. ಎರಡರ ಶ್ರೇಷ್ಠ ಬೋಧನೆಯೂ ಒಂದೇ ಕಡೆಗೆ ಕೈತೋರಿಸುತ್ತದೆ. ಲೂಥರನು ‘ವಾಕ್ಯವನ್ನು ಕೇಳು’ ಎಂದನು, ಕ್ಯಾಲ್ವಿನನು ‘ಕ್ರಿಸ್ತನನ್ನು ನೋಡು’ ಎಂದನು. ‘ನಿನ್ನನ್ನು ನೋಡಿಕೊ’ ಎಂದು ಇಬ್ಬರೂ ಹೇಳಲಿಲ್ಲ.

6. ನಮ್ಮ ಸೇವೆಯಲ್ಲಿ

ಕನ್ನಡ ನಾಡಿನ ಸಭೆಗಳಿಗೆ ಈ ವಿಚಾರ ದೂರದ್ದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ರಿಫಾರ್ಮ್ಡ್ ನಗರವೊಂದರಲ್ಲಿ ಹುಟ್ಟಿದ ಸಂಸ್ಥೆ. ಅದರ ಸೇವಕರಲ್ಲಿ ಬಹುಮಂದಿ ಆಂಡ್ರೆಯನ ನಾಡಾದ ವುರ್ಟೆಂಬರ್ಗಿನ ಲೂಥರನರು. ಮೊಂಬೆಲ್ಯಾರಿನಲ್ಲಿ ಕೈಹಿಡಿಯದೆ ಹೋದ ಎರಡು ಪರಂಪರೆಗಳು ಒಂದೇ ಸುವಾರ್ತೆಯನ್ನು ಹಿಡಿದು ನಮ್ಮ ತೀರಕ್ಕೆ ಬಂದವು. ಯೂರೋಪಿನಲ್ಲಿಯೂ 1973ರಲ್ಲಿ ಬಾಸೆಲಿಗೆ ಸಮೀಪದ ಲೊಯೆನ್‌ಬರ್ಗಿನಲ್ಲಿ ರೂಪುಗೊಂಡ ಒಪ್ಪಂದದ ಮೂಲಕ ಲೂಥರನ್ ಮತ್ತು ರಿಫಾರ್ಮ್ಡ್ ಸಭೆಗಳು ಪ್ರಭುಭೋಜನದ ಅನ್ಯೋನ್ಯತೆಗೆ ಬಂದವು. ಸುವಾರ್ತೆಯನ್ನು ಎಲ್ಲರೂ ಅಂಗೀಕರಿಸುವುದಿಲ್ಲವೆಂಬುದನ್ನು ಆ ಒಪ್ಪಂದ ಒಪ್ಪುತ್ತದೆ. ಆದರೆ ದೇವರು ಕೆಲವರನ್ನು ಅಂತಿಮವಾಗಿ ತಳ್ಳಿಬಿಡುವ ನಿತ್ಯ ನಿರ್ಣಯವನ್ನು ಮಾಡಿದ್ದಾನೆಂದು ಊಹಿಸುವುದನ್ನು ಕ್ರಿಸ್ತನ ಕುರಿತಾದ ವೇದಸಾಕ್ಷಿ ತಡೆಯುತ್ತದೆಂದೂ ಸಾರುತ್ತದೆ.

ಹಾಗಾದರೆ ಮರಣಶಯ್ಯೆಯ ಬಳಿಯಲ್ಲಿ ನಾವು ಏನು ಹೇಳಬೇಕು? 2 ಕೊರಿಂಥ 5:19–20ರಲ್ಲಿ ಪೌಲನು ಅನುಸರಿಸಿದ ಕ್ರಮವನ್ನೇ ಅನುಸರಿಸಬೇಕು. ದೇವರು ಕ್ರಿಸ್ತನಲ್ಲಿ ಲೋಕವನ್ನು ತನಗೆ ಸಮಾಧಾನಪಡಿಸಿಕೊಂಡನೆಂಬುದು ಮೊದಲು. ಆದುದರಿಂದ ದೇವರೊಡನೆ ಸಮಾಧಾನವಾಗಿರಿ ಎಂಬ ಬೇಡಿಕೆ ಅನಂತರ. ಮೊದಲನೆಯದನ್ನು ಬಿಟ್ಟರೆ ಬೇಡಿಕೆಯು ಬರಿಯ ಆಜ್ಞೆಯಾಗುತ್ತದೆ. ಎರಡನೆಯದನ್ನು ಬಿಟ್ಟರೆ ಅವಿಶ್ವಾಸದ ಭಯಂಕರತೆಯನ್ನು ನಾವು ಮರೆಮಾಚಿದಂತಾಗುತ್ತದೆ. “ನನಗೆ ನಂಬಲಾಗುತ್ತಿಲ್ಲ” ಎಂದು ಕಣ್ಣೀರಿಡುವವನ ಕೈ ಮುಚ್ಚಿದ ಕೈಯಲ್ಲ. ಮಾರ್ಕ 9:24ರ ತಂದೆಯೂ ನಂಬಿಕೆಯನ್ನೂ ಅಪನಂಬಿಕೆಯನ್ನೂ ಒಂದೇ ಉಸಿರಿನಲ್ಲಿ ಅರಿಕೆಮಾಡಿದನು, ಯೇಸು ಅವನನ್ನು ಹಿಂದಕ್ಕೆ ಕಳುಹಿಸಲಿಲ್ಲ. ಅಂಥವನಿಗೆ ನಾವು ಯಾವ ನಿಬಂಧನೆಯನ್ನೂ ಮನಸ್ಸಿನಲ್ಲಿಟ್ಟುಕೊಳ್ಳದೆ “ಕ್ರಿಸ್ತನು ನಿನಗಾಗಿ ಸತ್ತನು, ನಿನ್ನ ಅಪನಂಬಿಕೆಯನ್ನೂ ಹೊತ್ತುಕೊಂಡೇ ಸತ್ತನು” ಎಂದು ಹೇಳಬಹುದು, ಹೇಳಲೇಬೇಕು. ಆರಿಸಲ್ಪಟ್ಟವರ ಪಟ್ಟಿಯನ್ನು ನಮ್ಮ ಕೈಗೆ ಯಾರೂ ಕೊಟ್ಟಿಲ್ಲ. ಕೊಟ್ಟಿರುವುದು ಸಮಾಧಾನದ ವಾಕ್ಯ. ಅದನ್ನು ಹೇಳಿ ಮುಗಿಸುವ ತನಕ ನಮ್ಮ ಕೆಲಸ ಮುಗಿಯದು.